ಫಾರಂ ಕಂಡ್ರ ಮನಿ ಸೋರತೈತಿ

ನಮ್ಮ ಕೆಲಸದಾಗ ನಗೂವಂಥಾ ಪ್ರಸಂಗ ಆಗಬೇಕಂದ್ರ ನಾವೇನೂ ವಿಶೇಷ ಮಾಡಬೇಕಾಗಿಲ್ಲ. ಹೆಗಲಿಗೆ ಒಂದು ಚೀಲಾ ಹಾಕ್ಕೊಂಡು, ಕೈಯಾಗ ಒಂದು ಫಾರಂ ಹಿಡಕೊಂಡು, ಯಾರದರೆ ಮನಿ ಬಾಗಲದಾಗ ನಿಂತ್ರ ಆತು. ಉಳಿದದ್ದೆಲ್ಲಾ ಮನಿಯವರ ಮಾಡತಾರ.

೧. ಅತ್ತಿ ಮಾಡೂ ಕೆಲಸ

ನಾನು ಬನಹಟ್ಟಿಯಾಕಿ. ಮನ್ಯಾಗ ನಾಕು ಮಗ್ಗ ಅದಾವ, ನಾಕೂ ಕರೆಂಟಿನವು. ಅಪ್ಪ ಮೂವತ್ತು ವರ್ಷ ಆ ಸಪ್ಪಳದಾಗ ಮಾತಾಡಿ ಮಾತಾಡಿ, ಈಗ ಮಗ್ಗ ಬಂದ್ ಇದ್ದಾಗೂ ಅದ ಧ್ವನಿಲೇ ಮಾತಾಡತಾನ. ಅಂವ ಗುಟ್ಟು ಹೇಳಿದ್ರ ಮೂರನೇ ಮನ್ಯಾಗ ಹೂಂ ಅಂತಾರ. ಹಿಂಗಾಗಿ ನನಗ ಕೆಲಸಾ ಸಿಕ್ಕ ಸುದ್ದಿ ಓಣಿಗೆ ನಾನು ಹೇಳೂ ಪ್ರಸಂಗ ಬರಲಿಲ್ಲ.

ಸಮಾಜ ಕಾರ್ಯದಾಗ ದೊಡ್ಡ ಡಿಗ್ರಿ, ಎಂ.ಎಸ್.ಡಬ್ಲ್ಯೂ, ಮುಗಿಸಿ ಜಮಖಂಡಿಯ ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ಕೆಲಸ ಅಂದ್ರ ಇಷ್ಟ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಸುತ್ತಲಿನ ಹಳ್ಳಿ ಎಲ್ಲಾ ಅಡ್ಡಾಡಿ ಮನಿ ಮನಿಗೆ ಹೋಗೂದು. ಸಾಲಿ ಬಿಟ್ಟ ಹುಡುಗ್ಯಾರು ಅದಾರೇನು, ಪೆನ್ಶನ್ ಬರದ ಮುದುಕ್ರು ಅದಾರೇನು, ಸಂಡಾಸ ಐತೇನು, ಎಲ್ಲಾ ಕೇಳಿ ಫಾರಂನ್ಯಾಗ ಬರಕೊಳ್ಳೂದು. ಆಮ್ಯಾಲ ಯಾರಿಗೆ ಏನು ಸಿಗಬೇಕೋ ಅದು ಸಿಗೂತನಾ ಆಫೀಸಿಂದ ಆಫೀಸಿಗೆ ತಿರಗೂದು.

ಅಪ್ಪ ಇದನ್ನೆಲ್ಲಾ ಪೂರ್ತಿ ಕೇಳಿದ. ಕೇಳಿ, "ಅಲ್ಲಬೇ, ಮಂದಿ ಮನಿಗೆ ಹೋಗಿ ನಿಮ್ಮನ್ಯಾಗ ಎಷ್ಟು ಜನ, ಹುಡುಗಿ ಏನ ಮಾಡತಾಳ ಅಂತ ಕೇಳಾಕ ಅಷ್ಟು ಕಲಿಯೂದು ಯಾಕ ಬೇಕಿತ್ತು? ನಿಮ್ಮ ಅತ್ತಿ ನಾಲ್ಕನೇತ್ತ ಕಲ್ತು ಅದನ್ನ ಮಾಡಾಕತ್ತಾಳ" ಅಂದ.

ಅತ್ತಿ ಅಂದ್ರ ಅಪ್ಪನ ಅಕ್ಕ. ಆಕಿ ಮನಿ ನಮ್ಮ ಮನಿಗೆ ಹತ್ತಿಕೊಂಡ ಐತಿ. ಲಗ್ನ ಜೋಡಿಸೂದರಾಗ ಆಕಿ ಕೈ ಹಿಡಿಯೋರಿಲ್ಲ. ಗ್ವಾಡಿ ಆಚಿಕಡಿಂದ ಆಕಿ ಈ ಮಾತು ಕೇಳಿಸ್ಕೊಂಡು, ಹೌದು ನೋಡು ಅಂತ ಅಲ್ಲಿಂದನ ಅಂದ್ಲು.

ಕಡೀಕ ಅಪ್ಪ ಒಂದು ವಾಯಿದೆ ಹಾಕಿದ. ಉಗಾದಿ ತನಾ ಬೇಕಾದ್ರ ಮಾಡು, ಉಗಾದಿ ಆತು ಅಂದ್ರ ಕೆಲಸಾ ಬಿಟ್ಟು ಅತ್ತಿ ತೋರಿಸಿದ ಗಂಡಿಗೆ ಕೊರಳೊಡ್ಡೂದು. ಅತ್ತಿ ತರೂ ಗಂಡಿನ ಕಡೆಯವರೆಲ್ಲಾರದೂ ಮೊದಲನೇ ಷರತ್ತು ಒಂದ, ಹುಡುಗಿ ಊರೂರು ಅಡ್ಡಾಡಬಾರದು. ನನಗೋ ಆ ಅಡ್ಡಾಡೂದ ಭಾಳ ಸೇರಿತ್ತು. ಆದ್ರ ಅಪ್ಪನ ಧ್ವನಿ ಮುಂದ ನನ್ನ ಧ್ವನಿ ಎಂದೂ ಎದ್ದಿಲ್ಲ. ಉಗಾದಿಗೆ ಇನ್ನ ಹತ್ತು ತಿಂಗಳೈತಿ ಅಂತ ಸಮಾಧಾನ ಮಾಡ್ಕೊಂಡು ಮರುದಿನ ಜಮಖಂಡಿ ಬಸ್ ಹತ್ತಿದೆ.

೨. ನಾಕನೇ ವೋಟು

ಮೊದಲನೇ ವಾರ ರಬಕವಿಯಾಗ ಒಬ್ಬ ಮುತ್ಯಾನ ಹತ್ರ ಹೋದೆ. ಕಟ್ಟಿ ಮ್ಯಾಲ ಕುಂತಿದ್ದ. ನಮಸ್ಕಾರ ಮಾಡಿ, ನಿಮಗ ಏನರೆ ತ್ರಾಸ ಐತೇನ್ರಿ ಅಂತ ಕೇಳಿದೆ. ನಮ್ಮ ಕಡೆ ಹಿಂಗ ಕೈಮುಗದು ಕಷ್ಟ ಸುಖ ಕೇಳೋರು ಐದು ವರ್ಷಕ್ಕ ಒಮ್ಮೆ ಬರತಾರ. ಅದು ನನಗ ಆ ಹೊತ್ತಿನ್ಯಾಗ ಲಕ್ಷ್ಯಕ್ಕ ಬರಲಿಲ್ಲ.

ಯಾವ ವಾರ್ಡಿಗೆ ನಿಂತೀ ಅಂತ ಮುತ್ಯಾ ಕೇಳಿದ. ನಾ ಎಲೆಕ್ಷನ್‌ಗೆ ನಿಂತಿಲ್ರಿ ಅಂದೆ. ಎಲ್ಲಾರೂ ಮೊದಲ ಹಂಗ ಅಂತಾರ ಅಂತ ನಕ್ಕ. ಇಲ್ರಿ, ನಾ ಸಮಾಜ ಸೇವೆ ಮಾಡಾಕಿ ಅಂದೆ. ಅದನ್ನೂ ಎಲ್ಲಾರೂ ಅಂತಾರ, ನಮ್ಮ ಓಣಿ ತುದಿಗೆ ಅಷ್ಟು ದೊಡ್ಡ ಬ್ಯಾನರ್ ಹಚ್ಚ್ಯಾರ ನೋಡು ಅಂತ ಬೆಟ್ಟು ಮಾಡಿ ತೋರಿಸಿದ. ಬ್ಯಾನರಿನ್ಯಾಗ ಐದು ಮಂದಿ ಸಮಾಜ ಸೇವಕರು ಕೈಮುಗದು ನಿಂತಿದ್ರು. ನಾನೂ ಹಂಗ ನಿಂತಿದ್ದೆ.

ಇರಲಿ ಬಿಡು ಅಂತ ಕೆಲಸಾ ಹಿಡದೆ. ಮುತ್ಯಾನ ಪೆನ್ಶನ್ ನಿಂತು ಒಂದು ವರ್ಷ ಆಗಿತ್ತು. ಆಧಾರ್ ಕಾರ್ಡಿನ್ಯಾಗ ಒಂದು ವಯಸ್ಸು, ಪಾಸ್‌ಬುಕ್ಕಿನ್ಯಾಗ ಒಂದು ವಯಸ್ಸು. ಎರಡು ತಿಂಗಳು ತಿರಗ್ಯಾಡಿ ಎರಡೂ ಒಂದ ಮಾಡಿಸಿದೆ. ಪೆನ್ಶನ್ ಬಂತು. ಮುತ್ಯಾಗ ಹೇಳಾಕ ಹೋದಾಗ ಅಂವ ನನ್ನ ಎರಡೂ ಕೈ ಹಿಡಕೊಂಡ. ಕಣ್ಣಾಗ ನೀರು ಬಂದಿದ್ದವು, ನನಗೂ ಬಂದುವು.

"ಎಲೆಕ್ಷನ್ ಇನ್ನ ದೂರ ಐತಿ, ಈಗ ಬಂದು ಕೆಲಸಾ ಮಾಡಿಕೊಟ್ಟಿ" ಅಂದ. "ಆದ್ರ ತಂಗಿ, ನಿನ್ನ ಮುಂದ ಸುಳ್ಳು ಯಾಕ ಹೇಳ್ಲಿ. ನನ್ನ ವೋಟು ಮೂರು ಮಂದಿಗೆ ಕೊಡತೀನಿ ಅಂದಬಿಟ್ಟೇನಿ. ನಾಕನೇದು ನಿನಗ."

೩. ಮಾಲಕರಿಲ್ಲದ ಟ್ರ್ಯಾಕ್ಟರ್

ಹಿಪ್ಪರಗಿ ಕಡೆ ಹೋದಾಗ ನನ್ನ ಕೈಯಾಗಿನ ಫಾರಂಗೆ ಎಷ್ಟು ಶಕ್ತಿ ಐತಿ ಅಂತ ತಿಳೀತು. ಹೊಳಿ ದಂಡಿ ಊರು, ಎಲ್ಲಿ ನೋಡಿದ್ರೂ ಕಬ್ಬು. ಒಂದು ಹೊಸಾ ಆರ್‌ಸಿಸಿ ಮನಿ ಮುಂದ ಟ್ರ್ಯಾಕ್ಟರ್ ನಿಂತಿತ್ತು. ಮಾಲಕರು ಮೀಸಿ ಮ್ಯಾಲ ಕೈ ಇಟ್ಕೊಂಡು ಬರ್ರಿ ಬರ್ರಿ ಅಂತ ಒಳಗ ಕರದ್ರು. ನಾನು ಫಾರಂ ತಗದು ಪೆನ್ನಿನ ಟೊಪ್ಪಿಗಿ ಬಿಚ್ಚಿದೆ. ಅವರ ಕೈ ಮೀಸಿಯಿಂದ ಕೆಳಗ ಇಳೀತು. ಧ್ವನಿನೂ ಇಳೀತು.

ಹೊಲಾ ಎಷ್ಟು ಅಂದೆ. ಇತ್ತರಿ, ಹೊಳಿ ಪಾಲಾತು ಅಂದ್ರು. ಟ್ರ್ಯಾಕ್ಟರ್ ಅಂದೆ. ಬಾಜೂ ಮನಿಯವರದು, ಅವರ ಅಂಗಳದಾಗ ಜಾಗಾ ಸಾಲೂದಿಲ್ಲ ಅಂತ ಇಲ್ಲಿ ನಿಂದ್ರಸ್ಯಾರ ಅಂದ್ರು. ಮನಿ ಹೆಂಗೈತ್ರಿ ಅಂದೆ.

"ಸೋರತೈತ್ರಿ."

ನಾನು ಮ್ಯಾಲ ನೋಡಿದೆ. ಸ್ಲ್ಯಾಬಿನ ಸಿಮೆಂಟ್ ವಾಸನಿ ಇನ್ನ ಹೋಗಿರಲಿಲ್ಲ. ಇದನ್ನ ಹಾಕಿದ ಮ್ಯಾಲ ಇನ್ನ ಮಳಿನ ಆಗಿಲ್ಲಲ್ರಿ ಅಂದೆ.

"ಆದ್ರ ಸೋರತೈತ್ರಿ."

ಬಾಜೂ ಮನಿಗೆ ಹೋದೆ. ಅಲ್ಲಿನೂ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದು ಮೊದಲನೇ ಮನಿಯವರದು ಅಂದ್ರು ಇವರು. ಅವರು ತಮ್ಮ ಮುಂದಿನದನ್ನ ನಿಮ್ಮದು ಅಂದಾರಲ್ರಿ ಅಂದೆ. ಸುಳ್ಳು, ಎರಡೂ ಅವರವ ಅಂದ್ರು. ತಿರಗಿ ಹೋಗಿ ಕೇಳಿದ್ರ, ಅವರೂ ಎರಡೂ ಇವರವ ಅಂದ್ರು.

ನಾನು ಸೋತು ಫಾರಂ ಚೀಲದಾಗ ಇಟ್ಟೆ. ಇಟ್ಟದ್ದ ತಡ, ಮೊದಲನೇ ಮನಿಯವರ ಕೈ ಮತ್ತ ಮೀಸಿಗೆ ಹೋತು. ಇಷ್ಟು ಬಿಸಲಾಗ ನಡಕೊಂತ ಯಾಕ ಹೋಗತೀರಿ, ಬಸ್ ಸ್ಟ್ಯಾಂಡ್ ತನಾ ಬಿಡತೀನಿ ಅಂತ ಟ್ರ್ಯಾಕ್ಟರ್ ಚಾಲೂ ಮಾಡಿದ್ರು. ದಾರಿಯಾಗ ನಾನು, ಬಾಜೂ ಮನಿಯವರು ಏನೂ ಅನ್ನೂದಿಲ್ಲೇನ್ರಿ ಅಂತ ಕೇಳಿದೆ. ಅವರ್ಯಾಕ ಅಂತಾರ, ಹೋದ ದೀಪಾವಳಿಗೆ ನಾನ ತಗೊಂಡೇನಿ ಅಂದ್ರು.

ಜಮಖಂಡಿಗೆ ಬಂದು ನಮ್ಮ ಸಂಸ್ಥೆಯ ಸರ್ ಮುಂದ ಇದನ್ನ ಹೇಳಿದೆ. ಸರ್ ನಗಲಿಲ್ಲ. ಇಪ್ಪತ್ತು ವರ್ಷದಿಂದ ಅವರು ಇದನ್ನ ಕೇಳಾಕತ್ತಾರ. ಫಾರಂ ಕಂಡ್ರ ಎಲ್ಲಾರ ಮನಿನೂ ಸೋರತೈತಿ, ಫಾರಂ ಮುಚ್ಚಿದ ಮ್ಯಾಲ ಹೇಳತಾರಲ್ಲ ಅದನ್ನ ನೆನಪಿಟ್ಟು ಬರಕೋ ಅಂದ್ರು. ಎರಡು ವರ್ಷ ಕಾಲೇಜಿನ್ಯಾಗ ಇದನ್ನ ಯಾರೂ ಕಲಿಸಿರಲಿಲ್ಲ.

೪. ಹುನ್ನೂರಿನ ಹಾಗಲಕಾಯಿ

ಹುನ್ನೂರಾಗ ತ್ರಾಸ ಆದದ್ದು ಚಾದಿಂದ. ನಮ್ಮ ಕಡೆ ಮನಿಗೆ ಬಂದವರು ಚಾ ಕುಡಿಯದ ಹೋದ್ರ ಅದು ಜಗಳಾ ಮಾಡಿ ಹೋದ ಲೆಕ್ಕ. ದಿನಕ್ಕ ಹತ್ತು ಮನಿ, ಹತ್ತು ಚಾ. ಕಬ್ಬಿನ ಸೀಮಿ, ಸಕ್ಕರಿ ಹಾಕೂದರಾಗ ಯಾರೂ ಕೈ ಹಿಡಿಯೂದಿಲ್ಲ. ಏಳನೇ ಮನ್ಯಾಗ ನನ್ನ ಹೊಟ್ಟಿ ಒಲ್ಲೆ ಅಂತು. ನಾನೂ ಒಲ್ಲೆರಿ ಅಂದೆ. ಆ ಮನಿಯಾಕಿ ಮಾರಿ ಸಣ್ಣದಾತು. ಆರು ಮನ್ಯಾಗ ಕುಡದು ನಮ್ಮ ಮನ್ಯಾಗ ಅಷ್ಟ ಯಾಕ ಒಲ್ಲೆ ಅಂದ್ಲು. ಏನು ಹೇಳಬೇಕು ತಿಳೀಲಿಲ್ಲ, ನನಗ ಶುಗರ್ ಐತ್ರಿ ಅಂದುಬಿಟ್ಟೆ.

ಎಂಟನೇ ಮನಿ ಮುಟ್ಟೂದರೊಳಗ ಸುದ್ದಿ ನನಗಿಂತ ಮೊದಲ ಮುಟ್ಟಿತ್ತು. ಅಲ್ಲಿ ಚಾ ಇರಲಿಲ್ಲ. ಒಂದು ವಾಟಗದ ತುಂಬ ಹಾಗಲಕಾಯಿ ರಸ ಇತ್ತು. ಒಂಬತ್ತನೇ ಮನ್ಯಾಗ ಮೆಂತ್ಯದ ನೀರು. ಹತ್ತನೇ ಮನ್ಯಾಗ ಬೇವಿನ ತಪ್ಪಲಾ ಕುಟ್ಟಿ ಉಂಡಿ ಕಟ್ಟಿಟ್ಟಿದ್ರು. ಇಷ್ಟು ಸಣ್ಣ ವಯಸ್ಸಿನ್ಯಾಗ ಹಿಂಗ ಆಗಬಾರದಿತ್ತು ಅಂತ ಆ ಮನಿ ಆಯಿ, ಹಣ್ಣಾದ ಮುದುಕಿ, ನನ್ನ ತಲಿ ಸವರಿದ್ಲು. ಅಷ್ಟು ಪ್ರೀತಿಲೇ ಕೊಟ್ಟದ್ದನ್ನ ಉಗಳಾಕ ಬರೂದಿಲ್ಲ, ನುಂಗಿದೆ.

ನಾಕು ದಿನದಾಗ ಸುದ್ದಿ ಬನಹಟ್ಟಿಗೆ ಬಂತು. ಹುನ್ನೂರಿನ ಒಬ್ಬಾಕಿ ಅತ್ತಿಯ ನಾದಿನಿ ಊರಿನಾಕಿ, ಅಷ್ಟ ಸಾಕಾತು. ಅತ್ತಿ ಗಟ್ಟಿ ಮಾಡಾಕತ್ತಿದ್ದ ಒಂದು ಗಂಡಿನ ಕಡೆಯವರು, ಶುಗರ್ ಇದ್ದ ಹುಡುಗಿ ನಮಗ ಬ್ಯಾಡ ಅಂತ ಹೇಳಿ ಕಳಿಸಿದ್ರು. ಅಪ್ಪ ನನ್ನ ಬಾಜೂಕ ಕರದು ಯಾರಿಗೂ ಕೇಳಬಾರದಂತ ಮೆತ್ತಗ ವಿಚಾರಿಸಿದ. ಸಂಜಿಗೆ ಓಣಿಯ ಮೂರು ಮಂದಿ ತಮ್ಮ ತಮ್ಮ ರಕ್ತದ ರಿಪೋರ್ಟ್ ಹಿಡಕೊಂಡು ಬಂದ್ರು, ನನ್ನದರ ಜೋಡಿ ಹೋಲಿಸಿ ನೋಡಾಕ.

ಒಂದು ಗಂಡು ತಪ್ಪಿತ್ತು. ಅವತ್ತಿಂದ ನನಗ ಹಾಗಲಕಾಯಿ ಅಷ್ಟೇನು ಕಹಿ ಅನಿಸೂದಿಲ್ಲ.

೫. ಬಾಣಂತಿ ಕೋಣಿ

ಮುಧೋಳ ಕಡೆ ಒಂದು ಹಳ್ಳಿಯಾಗ ಕಟ್ಟಿಸಿದ ಸಂಡಾಸ ಬಳಸತಾರೋ ಇಲ್ಲೋ ನೋಡೂ ಕೆಲಸಾ ಬಂತು. ಮೊದಲನೇದರಾಗ ಉಳ್ಳಾಗಡ್ಡಿ ಚೀಲಾ ಇದ್ದುವು. ಎರಡನೇದರಾಗ ಒಲಿಗೆ ಹಾಕೂ ಸಗಣಿ ಕುಳ್ಳು. ಮೂರನೇ ಮನಿಯವರು, ನಾವು ಬಳಸತೀವ್ರಿ ಬೇಕಾದ್ರ ನೋಡ್ರಿ ಅಂತ ಬಾಗಲಾ ತಗದ್ರು. ಒಳಗ ಕೌದಿ ಹಾಸಿತ್ತು. ಕೌದಿ ಮ್ಯಾಲ ಉದ್ದ ಮಾರಿ, ತೆಳ್ಳನ ಹೊಟ್ಟಿಯ ಮುಧೋಳ ನಾಯಿ ಮಲಗಿತ್ತು, ಹೊಟ್ಟಿಗೆ ಹತ್ತಿ ಐದು ಮರಿ.

ಬಾಣಂತಿ ಐತ್ರಿ, ಗಾಳಿ ತಾಗಬಾರದು ಅಂತ ಬಾಗಲಾ ಹಾಕಿದ್ರು. ಆ ಕಡೆ ಆ ನಾಯಿಗಿರೂ ಮರ್ಯಾದಿ ಮನಿ ಅಳಿಯಗೂ ಇರೂದಿಲ್ಲ. ಆ ಮನಿ ಆಯಿಗೆ ಒಂದೀಟು ತಿಳಿಸಿ ಹೇಳಿದೆ. ಆಯಿ, ನಾಕು ಗ್ವಾಡಿ ನಡುವ ಕುಂಡ್ರೂದು ನನ್ನಿಂದ ಆಗೂದಿಲ್ಲ, ಸಾಯೂತನಾ ಹೊಲಕ್ಕ ಹೋಗಾಕಿ ಅಂತ ಖಡಕ್ ಹೇಳಿದ್ಲು.

ತಿಂಗಳ ಬಿಟ್ಟು ಮತ್ತ ಹೋದೆ. ಮರಿ ದೊಡ್ಡವಾಗಿ ಬ್ಯಾರೆ ಬ್ಯಾರೆ ಮನಿ ಸೇರಿದ್ದುವು. ಸಂಡಾಸ ತೊಳದು ಚೊಕ್ಕ ಮಾಡಿದ್ರು. ಆದ್ರ ನಾಯಿ ಬಾಗಲಾ ಬಿಟ್ಟು ಏಳವಲ್ದು. ಅದು ತನ್ನ ತೌರಮನಿ ಅಂತ ತಿಳಕೊಂಡಿತ್ತು. ಮನಿ ಯಜಮಾನ್ರು ಚರಿಗಿ ಹಿಡಕೊಂಡು ಹತ್ರ ಹೋದ್ರ ಹಲ್ಲು ತೋರಸತಿತ್ತು. ಅದು ಒಳಗ ಬಿಡತಿದ್ದದ್ದು ಒಬ್ಬಾಕಿನ್ನ ಅಷ್ಟ, ಆಯಿನ್ನ. ಬಾಣಂತನದಾಗ ದಿನಾ ಹಾಲು ರೊಟ್ಟಿ ಹಾಕಿದಾಕಿ ಆಕಿ.

ಇಷ್ಟು ಮಂದ್ಯಾಗ ನನ್ನ ಒಬ್ಬಾಕಿನ್ನ ಬಿಡತೈತಿ ಅಂದ್ರ ನಾ ಒಲ್ಲೆ ಅನ್ನೂದು ಛಲೋ ಕಾಣೂದಿಲ್ಲ ಅಂತ ಆಯಿ ದಿನಾ ಹೋಗಾಕ ಸುರು ಮಾಡಿದ್ಲು. ಬಳಸೋರು ಎಷ್ಟು ಮಂದಿ ಅನ್ನೂದರ ಮುಂದ ನಾನು ಒಬ್ಬರು ಅಂತ ಬರದೆ. ಉಳಿದವರು ಬಳಸದಿರಾಕ ಕಾರಣ ಅಂತ ಒಂದು ಖಾನಿ ಇತ್ತು. ಅದರ ಮುಂದ, ನಾಯಿ ಬಿಡೂದಿಲ್ಲ ಅಂತ ಬರದೆ.

೬. ಹಾಸ್ಟೆಲಿನವರು ಒಪ್ಪಿದ್ರೋ ಇಲ್ಲೋ

ಬೀಳಗಿ ಕಡೆ ಒಂದು ಕುರಿ ಸಾಕೂ ಮನಿ, ಬೀರೇಶ್ವರನ ಒಕ್ಕಲು. ಅವರ ಹುಡುಗಿ ಎಸ್ಸೆಸ್ಸೆಲ್ಸಿ ಛಲೋ ಪಾಸಾಗಿ ಮನ್ಯಾಗ ಕುಂತಿದ್ಲು. ಆಕಿ ಮತ್ತ ಕಾಲೇಜಿಗೆ ಹೋಗೂವಂಗ ಮಾಡಬೇಕು ಅಂತ ಹೋದೆ. ಮನ್ಯಾಗ ಆಯಿದ ಆಡಳಿತ. ನಾನು ಫಾರಂ ತಗೀಲಿಲ್ಲ, ಬಾಯಿಲೆ ಕೇಳಿದೆ. ಹೆಣ್ಣುಮಕ್ಕಳು ಎಷ್ಟು, ಹುಡುಗಿ ವಯಸ್ಸೆಷ್ಟು, ಎಲ್ಲೀತನಾ ಕಲ್ತಾಳ, ಮನ್ಯಾಗ ಏನೇನು ಕೆಲಸಾ ಮಾಡತಾಳ.

ಆಯಿ ಕಣ್ಣು ಮಿಂಚಿದುವು. ಕಂಬಳಿ ಹಾಸಿ ಕುಂಡ್ರಿಸಿ ಒಳಗ ಹೋದ್ಲು. ಅರ್ಧಾ ತಾಸಿಗೆ ಹುಡುಗಿ ಸೀರಿ ಉಟ್ಕೊಂಡು, ತಲಿ ತುಂಬ ಹೂವಾ ಮುಡ್ಕೊಂಡು, ಅವಲಕ್ಕಿ ತಾಟ ಹಿಡಕೊಂಡು ಬಂದ್ಲು. ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದ್ಲು. ಕಣ್ಣು ತುಂಬಿದ್ದುವು. ನಾನೆಂಥಾ ಹುಚ್ಚಿ ನೋಡ್ರಿ, ಕಾಲೇಜಿಗೆ ಹೋಗೂ ಖುಷಿಗೆ ಅಳಾಕತ್ತಾಳ ಅಂದ್ಕೊಂಡೆ.

ಹುಡುಗಿನ್ನ ಎಲ್ಲಿ ಇಡತೀರಿ ಅಂತ ಆಯಿ ಕೇಳಿದ್ಲು. ಬೀಳಗಿಯಾಗ ಎರಡು ಅಂತಸ್ತಿನ ಕಟ್ಟಡ ಐತ್ರಿ ಆಯಿ ಅಂದೆ. ಉಣ್ಣಾಕ ತಿನ್ನಾಕ ಅಂದ್ಲು. ಎರಡು ಹೊತ್ತು ಊಟಾ, ಮುಂಜಾನೆ ನಾಷ್ಟಾ, ಒಂದು ಪೈಸಾ ನೀವು ಕೊಡಬೇಕಾಗಿಲ್ಲ ಅಂದೆ. ಆಯಿ ಹುಡುಗಿ ಕಡೆ ಹೊಳ್ಳಿ, ಕೇಳಿದ್ಯಾ ಅನ್ನೂವಂಗ ನೋಡಿದ್ಲು. ಹಿರೇ ಹೆಂಗಸರು ಯಾರದಾರ ಅಂದ್ಲು. ಒಬ್ಬಾಕಿ ಅದಾಳ್ರಿ, ಸ್ವಲ್ಪ ಬಿಗಿ, ಆದ್ರ ಮನಸಿನಿಂದ ಛಲೋ ಅಂದೆ. ಹಿರೇ ಹೆಂಗಸು ಅಂದ್ರ ಬಿಗಿ ಇರಬೇಕು ಅಂದ್ಲು ಆಯಿ. ಮತ್ತ ಯಾರ್ಯಾರು ಅದಾರ ಅಂದ್ಲು.

"ಇಕಿ ವಾರಿಗೆಯವರು ಅರವತ್ತು ಹುಡುಗ್ಯಾರು ಅದಾರ್ರಿ" ಅಂದೆ.

ಆಯಿ ಕೈಯಾಗಿನ ಅವಲಕ್ಕಿ ಕಂಬಳಿ ಮ್ಯಾಲ ಬಿತ್ತು. ಮೆತ್ತಗ, "ಒಬ್ಬನಿಗೇನ?" ಅಂದ್ಲು.

ಆವಾಗ ನನಗ ಬೆಳಕಾತು. ನಮ್ಮ ಕಡೆ ಗೊತ್ತಿಲ್ಲದ ಹೆಂಗಸು ಬಂದು ಹುಡುಗಿ ವಯಸ್ಸು, ಓದು, ಕೆಲಸಾ ಕೇಳಿದ್ರ ಅದಕ್ಕ ಒಂದ ಕಾರಣ ಇರತೈತಿ. ನಾನು ಹೆಣ್ಣು ನೋಡಾಕ ಬಂದಾಕಿ ಅಲ್ಲ, ಹುಡುಗಿಗೆ ಇನ್ನ ಹದಿನೆಂಟು ತುಂಬಿಲ್ಲ, ಅದರೊಳಗ ಲಗ್ನದ ಮಾತ ತಗೀಬಾರದು, ಕಾನೂನ ಐತಿ, ನಾ ಹೇಳಿದ್ದು ಕಾಲೇಜಿನ ಹಾಸ್ಟೆಲಿಂದು ಅಂತ ಎಲ್ಲಾ ಬಿಡಿಸಿ ಹೇಳಿದೆ. ಹುಡುಗಿ ಮೂಗು ಒರಸ್ಕೊಂಡು ಮೊದಲನೇ ಸಲ ತಲಿ ಎತ್ತಿದ್ಲು. ಆಯಿ ಕಂಬಳಿ ಮ್ಯಾಲ ಬಿದ್ದ ಅವಲಕ್ಕಿ ಆರಿಸಿ ತಾಟಿಗೆ ಹಾಕಿದ್ಲು. ಬೈತಾಳ ಅಂದ್ಕೊಂಡೆ.

"ಅದೆಲ್ಲಾ ಖರೆ ಇರಲಿ" ಅಂದ್ಲು. "ಸೀರಿ ಉಡಿಸಿ ಹುಡುಗಿನ್ನ ಹೊರಗ ಕರದೇನಿ. ಹೆಣ್ಣು ತೋರಿಸಿದ ಮ್ಯಾಲ ಬಂದವರು ಏನೂ ಹೇಳದ ಎದ್ದು ಹೋಗಬಾರದು, ಹುಡುಗಿಗೆ ಕೆಟ್ಟ ಹೆಸರ ಬರತೈತಿ. ನಿಮ್ಮ ಹಾಸ್ಟೆಲಿನವರು ಒಪ್ಪಿದ್ರೋ ಇಲ್ಲೋ?"

ಒಪ್ಪಿದ್ವಿ ಆಯಿ ಅಂದೆ.

ಆಯಿ ನನಗ ಕುಂಕುಮ ಹಚ್ಚಿ, ಒಂದು ಖಣ, ಒಂದು ಕಾಯಿ ಕೊಟ್ಟು ಕಳಿಸಿದ್ಲು. ಆ ಖಣ ಇನ್ನ ಹೊಲಿಸಿಲ್ಲ, ಹಂಗ ಇಟ್ಕೊಂಡೇನಿ. ಹುಡುಗಿನ್ನ ಹಾಸ್ಟೆಲಿಗೆ ಬಿಡೂ ದಿನ ಆಯಿನೂ ಬುಟ್ಟಿ ತುಂಬ ಕರದಂಟು, ಚೂಡಾ ಹೊತ್ಕೊಂಡು ಬಂದಿದ್ಲು. ಒಳಗ ಕಾಲಿಟ್ಟಾಕಿನ, ಬೀಗತಿ ಎಲ್ಲಿ ಅದಾಳ ಅಂತ ವಾರ್ಡನ್ನಿನ್ನ ಕೇಳಿದ್ಲು.

೭. ನಮ್ಮ ಮನಿ

ಉಗಾದಿಗೆ ಇನ್ನ ಹದಿನೈದು ದಿನ ಇತ್ತು. ಅತ್ತಿ ಒಂದು ಗಂಡು ತಂದ್ಲು. ಮುಧೋಳ ಕಡೆಯವರು. ಹನ್ನೆರಡು ಎಕರೆ ನೀರಾವರಿ, ಎರಡು ಬೋರು, ಸ್ವಂತ ಟ್ರ್ಯಾಕ್ಟರ್, ಆರ್‌ಸಿಸಿ ಮನಿ, ಹುಡುಗ ಅದನ್ನೆಲ್ಲಾ ನೋಡ್ಕೊಂಡು ಹೋಗತಾನ ಅಂತ ಅತ್ತಿ ಬೆಟ್ಟು ಮಡಚಿ ಮಡಚಿ ಹೇಳಿದ್ಲು. ಅಪ್ಪ ಹಿಗ್ಗಿಬಿಟ್ಟ. ಹನ್ನೆರಡು ಎಕರೆ ಅನ್ನೂ ಮಾತು ಆ ವಾರ ನಮ್ಮ ಓಣಿಯಾಗ ಎಲ್ಲಾರಿಗೂ ಬಾಯಿಪಾಠ ಆತು.

ಐತವಾರ ಬಂದ್ರು. ಹುಡುಗ, ಅವರ ಅಪ್ಪ, ಅವ್ವ, ಮೂರ ಮಂದಿ. ಅಪ್ಪ ನಾಕೂ ಮಗ್ಗ ಬಂದ್ ಮಾಡಿದ್ದ. ಅವರು ಕಾಲು ತೊಳಕೊಳ್ಳೂವಾಗ ಅಂವ ಅಡಗಿ ಮನಿಗೆ ಬಂದು ನನ್ನ ಕಿವಿಯಾಗ, ಕೆಲಸದ ಸುದ್ದಿ ತಗೀಬ್ಯಾಡ ಅಂದ. ಹೊರಗ ಹುಡುಗನ ಅವ್ವ, ಯಾವ ಕೆಲಸಾ ಅಂತ ಕೇಳಿದ್ಲು.

ಆಕಿ ಮುಂದಿನ ಮಾತೂ ಅದ. ಚೂಡಾ, ಚಾ ಕೊಟ್ಟು ಕುಂತ ಮ್ಯಾಲ, ಹುಡುಗಿ ಊರೂರು ಅಡ್ಡಾಡೂದು ನಮಗ ನಡಿಯೂದಿಲ್ಲ ಅಂದ್ಲು. ಉಗಾದಿಗೆ ಬಿಡತಾಳ್ರಿ ಅಂದ ಅಪ್ಪ. ಮುತ್ಯಾ, ಬೀಳಗಿ ಹುಡುಗಿ, ಬಸ್ಸು, ಬಿಸಲು, ಎಲ್ಲಾ ಹದಿನೈದು ದಿನಕ್ಕ ಮುಗೀತು ಅನಿಸ್ತು. ಹುಡುಗನ ಅವ್ವ ಕೆಟ್ಟಾಕಿ ಅಲ್ಲ. ನನ್ನ ಮಾರಿ ನೋಡಿ ಕನಿಕರ ಬಂತೇನೋ, ಬಿಡೂ ಕೆಲಸಾ ಇರಲಿ, ಅದೇನು ಮಾಡತೀ ಹೇಳು ನೋಡೂಣು ಅಂದ್ಲು.

ಬಾಯಿಲೆ ಹೇಳಾಕ ನನಗ ಅಳು ಬರೂವಂಗಿತ್ತು. ಅದಕ್ಕ ಗೂಟಕ್ಕ ಹಾಕಿದ್ದ ಚೀಲಾ ತಗೊಂಡು ಒಂದು ಫಾರಂ ಹೊರಗ ತಗದೆ. ಹಿಂಗ ಕೇಳತೀವ್ರಿ ಅಂತ ತೊಡಿ ಮ್ಯಾಲ ಇಟ್ಕೊಂಡು ಪೆನ್ನಿನ ಟೊಪ್ಪಿಗಿ ಬಿಚ್ಚಿದೆ. ದೇವರಾಣೆ, ಇದರಾಗ ನನ್ನದು ಯಾವ ಉಪಾಯನೂ ಇರಲಿಲ್ಲ. ಮನ್ಯಾಗ ಎಷ್ಟು ಮಂದಿ ಅಂತ ಓದಿದೆ.

ಗ್ವಾಡಿಗೆ ಆನ್ಕೊಂಡು ಕುಂತಿದ್ದ ಹುಡುಗನ ಅಪ್ಪ ನೆಟ್ಟಗ ಆದ್ರು. ಬಂಗಾರದ ಉಂಗುರದ ಕೈ ಮೆತ್ತಗ ಟಾವೆಲ್ಲಿನ ಕೆಳಗ ಹೋತು.

"ಆರು ಮಂದ್ರಿ. ದುಡಿಯೋರು ಯಾರೂ ಇಲ್ರಿ."

ಹೊಲಾ ಎಷ್ಟು ಅಂದೆ. ಬರಕೊಳ್ಳೂದು ನನಗ ರೂಢಿ, ಅವರಿಗೆ ಹೇಳೂದು ರೂಢಿ. ಎರಡು ಎಕರೆ, ಅದೂ ಮಳಿ ನಂಬಿದ್ದು ಅಂದ್ರು. ಬೋರು ಅಂದೆ. ಹಾಕಿಸಿದ್ವಿ, ನೀರು ಬೀಳಲಿ‌ಲ್ಲ ಅಂದ್ರು. ಟ್ರ್ಯಾಕ್ಟರ್ ಅಂದೆ. ಬಾಜೂ ಮನಿಯವರದು ಅಂದ್ಲು ಹುಡುಗನ ಅವ್ವ. ಮನಿ ಅಂದೆ. ಸೋರತೈತ್ರಿ ಅಂತ ಇಬ್ಬರೂ ಕೂಡೇ ಅಂದ್ರು. ಅತ್ತಿ ಕೆಮ್ಮಿದ್ಲು. ಯಾರೂ ಆಕಿ ಕಡೆ ನೋಡಲಿಲ್ಲ. ಫಾರಂನ್ಯಾಗ ಮುಂದಿನದು ಮಕ್ಕಳ ಉದ್ಯೋಗ. ಹುಡುಗ ಏನು ಮಾಡತಾನ್ರಿ ಅಂದೆ.

"ಖಾಲಿ ಅದಾನ್ರಿ ಯವ್ವಾ" ಅಂದ್ಲು ಹುಡುಗನ ಅವ್ವ. "ಯಾವುದರೆ ಸ್ಕೀಮ್ ಇದ್ರ ಇವನ ಹೆಸರೂ ಹಾಕಿ ಪುಣ್ಯಾ ಕಟ್ಕೊಳ್ರಿ."

ಅಪ್ಪನ ಕೈಯಾಗಿನ ಚಾ ಕಪ್ಪು ಬಾಯಿ ತನಾ ಹೋಗಿ ಅಲ್ಲೇ ನಿಂತಿತ್ತು. ಮೊದಲ ಎಚ್ಚರಾದದ್ದು ಹುಡುಗನ ಅಪ್ಪಗ. ಅಲ್ರಿ, ಅದು ಫಾರಂಗೆ ಹೇಳಿದ್ದು, ಅದನ್ನ ಮನಸಿಗೆ ಹಚ್ಕೋಬ್ಯಾಡ್ರಿ ಅಂದ್ರು. ಹಂಗಾದ್ರ ಖರೆ ಯಾವುದ್ರಿ ಅಂತ ಅಪ್ಪ ಕೇಳಿದ. ಅವರು ನನ್ನ ತೊಡಿ ಮ್ಯಾಲಿನ ಫಾರಂ ಕಡೆ ನೋಡಿದ್ರು.

"ಮೊದಲ ಅದನ್ನ ಚೀಲದಾಗ ಇಡಾಕ ಹೇಳ್ರಿ, ಆಮ್ಯಾಲ ಹೇಳತೀನಿ."

ನಾನು ಫಾರಂ ಚೀಲದಾಗ ಇಟ್ಟು ಚೀಲಾ ಗೂಟಕ್ಕ ಹಾಕಿದೆ. ಅವರು ಒಂದು ಗುಟುಕು ನೀರು ಕುಡದು ಹೇಳಿದ್ರು. ಐದು ಎಕರೆ, ಬೋರು ಒಂದ, ಮನಿ ಸೋರೂದಿಲ್ಲ, ಹುಡುಗ ಖಾಲಿ ಇದ್ದದ್ದು ಖರೆ. ಟ್ರ್ಯಾಕ್ಟರ್ ಅಂತ ಅಪ್ಪ ನೆನಪು ಮಾಡಿದ.

"ಅದು ಖರೇನ ಬಾಜೂ ಮನಿಯವರದ್ರಿ."

ಅವರೂ ಹೋಗಿ, ಅತ್ತಿನೂ ತನ್ನ ಮನಿಗೆ ಹೋದ ಮ್ಯಾಲ ಅಪ್ಪ ಸುಮ್ಮನ ಕುಂತ. ಅಪ್ಪ ಸುಮ್ಮನ ಕುಂತದ್ದು ಯಾರೂ ನೋಡಿರಲಿಲ್ಲ. ಮಗ್ಗದ ಸಪ್ಪಳನೂ ಇಲ್ಲ, ಅಪ್ಪನ ಸಪ್ಪಳನೂ ಇಲ್ಲ, ಏನಾತು ಅಂತ ಎದುರು ಮನಿಯಾಕಿ ಬಂದು ಹಣಿಕಿ ಹಾಕಿ ಹೋದ್ಲು. ಆಮ್ಯಾಲ ಅಪ್ಪ, ಎಲ್ಲಾರೂ ಹಿಂಗ ಹೇಳತಾರೇನು ಅಂತ ನನ್ನ ಕೇಳಿದ. ಎಲ್ಲಾರೂ ಅಂದೆ. ಮತ್ತ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಅಂತ ನಿನಗ ಹೆಂಗ ತಿಳೀತೈತಿ ಅಂದ.

"ಅದನ್ನ ಕಲಿಯಾಕತ್ತೇನಿ ಅಪ್ಪ" ಅಂದೆ.

ಅಪ್ಪ ಚೀಲಾ ನೋಡಿದ, ನನ್ನ ನೋಡಿದ. "ಹನ್ನೆರಡು ಎಕರೆ ಅಂತ ನಿನ್ನ ಕೊಟ್ಟಬಿಡತಿದ್ದೆ" ಅಂದ. ನನ್ನ ಜೀವಮಾನದಾಗ ಅಪ್ಪ ನನಗ ಒಬ್ಬಾಕಿಗೇ ಕೇಳೂವಂಗ ಆಡಿದ ಮಾತು ಅದೊಂದ.

ಆಮ್ಯಾಲ ಎದ್ದ. ಹೊರಗ ಬಂದು ಹೊಸ್ತಿಲ ಮ್ಯಾಲ ನಿಂತು ಅತ್ತಿ ಮನಿ ಕಡೆ ಮಾರಿ ಮಾಡಿ, ನಾಕೂ ಮಗ್ಗ ಚಾಲೂ ಇದ್ದಾಗಿನ ಧ್ವನಿ ತಗದು ಹೇಳಿದ.

"ಅಕ್ಕಾ, ನಮ್ಮ ಹುಡುಗಿ ಕೆಲಸಾ ಬಿಡೂದಿಲ್ಲ. ನೀ ಕೇಳೂದು ಬ್ಯಾರೆ, ಆಕಿ ಕೇಳೂದು ಬ್ಯಾರೆ. ಇನ್ನ ಮ್ಯಾಲ ಯಾರರೆ ಹೆಣ್ಣು ನೋಡಾಕ ಬರೋರಿದ್ರ ಬರೂವಾಗ ರೇಷನ್ ಕಾರ್ಡಿನ ಝೆರಾಕ್ಸ್ ತರಾಕ ಹೇಳು."

ಅತ್ತಿ ಬಾಗಲಾ ಹಾಕ್ಕೊಂಡ್ಲು. ಮೂರನೇ ಮನ್ಯಾಗ ಹೂಂ ಅಂದ್ರು.